ಹೊಸ ಜೇಡ ಸಿಕ್ಕಿತು, ಹೊಸ ಕುಲ ಆಯ್ತಾ?

ಆನೆಗುಂದಿ ಕಡೆ ಬಂಡೆ ಸಂದಿಯಲ್ಲಿ ಮೂರು ಮಿಲಿಮೀಟರ್ ಉದ್ದದ ಜೇಡ ಸಿಕ್ಕಿತ್ತು. ಯಾವ ಪುಸ್ತಕದಲ್ಲೂ ಅಂಥದ್ದು ಕಾಣಲಿಲ್ಲ. ಹೊಸದು ಅಂತ ಕುಣಿದಿದ್ದೆ. ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಗೊತ್ತಾಯಿತು, ಅದಿನ್ನೂ ಮರಿ. ಮರಿ ಇಟ್ಟುಕೊಂಡು ಪ್ರಭೇದ ಹೇಳೋದೇ ಕಷ್ಟ. ಹೊಸ ಕುಲ, ಅಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪು (ಜೀನಸ್), ದೂರದ ಮಾತು.

ಜೇಡದ ಗುರುತು ಬಣ್ಣದಲ್ಲಿಲ್ಲ. ಆಲ್ಕೋಹಾಲ್‌ಗೆ ಹಾಕಿದರೆ ಹಸಿರು, ಕೆಂಪು ಎಲ್ಲ ಮಾಸುತ್ತೆ. ಗುರುತು ಇರೋದು ಜನನಾಂಗದಲ್ಲಿ. ಗಂಡಿನ ಬಾಯಿ ಪಕ್ಕ ಪುಟ್ಟ ಕಾಲಿನಂಥವು ಎರಡು ಇರುತ್ತವೆ, ಅವು ಪಾಲ್ಪ್. ಬೆಳೆದ ಗಂಡಿನಲ್ಲಿ ಅದರ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿದಂತೆ ಉಬ್ಬಿರುತ್ತೆ. ಗಂಡು ಚಿಕ್ಕದೊಂದು ಬಲೆ ಹೆಣೆದು, ಅದರ ಮೇಲೆ ವೀರ್ಯದ ಹನಿ ಬಿಟ್ಟು, ಪಾಲ್ಪ್‌ನೊಳಗೆ ಎಳೆದುಕೊಳ್ಳುತ್ತೆ. ಇಂಕ್ ಪೆನ್ನಿಗೆ ಮಸಿ ತುಂಬಿದ ಹಾಗೆ. ಹೆಣ್ಣಿಗೆ ದಾಟಿಸುವ ಸೂಜಿಯಂಥ ಭಾಗ ಎಂಬೋಲಸ್. ಕೆಲವದರಲ್ಲಿ ಅದು ಗಿಡ್ಡ, ಕೆಲವದರಲ್ಲಿ ಸುರುಳಿ. ಹೆಣ್ಣಿನ ಹೊಟ್ಟೆಯ ಕೆಳಗೆ ಎಪಿಗೈನ್ ಅನ್ನೋ ಗಟ್ಟಿ ಭಾಗ ನೋಡಬೇಕು. ಕೊನೆಯ ಪೊರೆ ಬಿಡೋವರೆಗೂ ಇವು ತಯಾರಾಗಿರಲ್ಲ. ನನ್ನ ಜೇಡದ ಪಾಲ್ಪ್ ಉಬ್ಬಿತ್ತು ನಿಜ, ಆದರೆ ಬೆಂದ ಸಾಬೂದಾನಿ ಕಾಳಿನ ತರ ನುಣ್ಣಗಿತ್ತು. ಒಳಗಿನ ಯಾವ ಭಾಗಕ್ಕೂ ಆಕಾರ ಬಂದಿರಲಿಲ್ಲ.

ಸರಿ, ಬೆಳೆದ ಗಂಡು, ಹೆಣ್ಣು ಎರಡೂ ಸಿಕ್ಕವು ಅನ್ನಿ. ಹೊಸ ಪ್ರಭೇದಕ್ಕೆ ವ್ಯತ್ಯಾಸ ತೋರಿಸಿದರೆ ನಡೆಯುತ್ತೆ. ಹೊಸ ಕುಲಕ್ಕೆ ಬೇರೆ ಕುಲಗಳ ಜತೆಗಿನ ನಂಟೂ ತೋರಿಸಬೇಕು. ನನಗೆ ತುಂಬಾ ದಿನ ತಲೆಗೆ ಹತ್ತದೆ ಇದ್ದದ್ದು ಇದೇ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಸ್ವಲ್ಪ ಎತ್ತರ ಅಂತ ಅವನಿಗೊಬ್ಬನಿಗೇ ಬೇರೆ ಅಡ್ಡಹೆಸರು ಕೊಡೋಕೆ ಆಗುತ್ತಾ? ಹಾಗೆಯೇ, ಈ ಜೇಡ ಹಳೆಯ ಕುಲದ ಒಳಗಿನ ಕೊಂಬೆಯೇ ಆಗಿದ್ದರೆ, ಅದನ್ನು ಹೊರಗೆ ತೆಗೆದಾಗ ಹಳೆಯ ಕುಲ ಒಡೆಯುತ್ತೆ. ಆದ್ದರಿಂದಲೇ ಈಗ ಡಿಎನ್‌ಎ ಹೋಲಿಕೆಯನ್ನೂ ಕೇಳುತ್ತಾರೆ. ಹಳಬರು ಕಣ್ಣುಗಳ ಸಾಲು, ಕಾಲಿನ ಮುಳ್ಳು, ಪಾಲ್ಪ್ ನೋಡಿಯೇ ವಾದ ಕಟ್ಟುತ್ತಿದ್ದರು. ಅವು ಇವತ್ತಿಗೂ ಬೇಕು.

ಕುಲ ಬದಲಾಗೋದಕ್ಕೆ ಉದಾಹರಣೆ ನಮ್ಮ ಗಂಗಾವತಿ ಭತ್ತದ ಗದ್ದೆಯಲ್ಲೇ ಇದೆ. ಕಂದು ಜಿಗಿಹುಳು ತಿನ್ನುವ ತೋಳ ಜೇಡವನ್ನು ಹಳೆಯ ಕೃಷಿ ಪುಸ್ತಕಗಳು ಲೈಕೋಸಾ ಕುಲದ್ದು ಅನ್ನುತ್ತವೆ. ಈಗ ಅದು ಪಾರ್ಡೋಸಾ ಕುಲದ ಪಾರ್ಡೋಸಾ ಸೂಡೋಆನ್ಯುಲೇಟಾ. ಜೇಡ ಅದೇ, ಗದ್ದೆ ಅದೇ. ಪ್ರಭೇದದ ಹೆಸರಿನ ಮುಂದೆ ಅದಕ್ಕೆ ಮೊದಲು ಹೆಸರಿಟ್ಟವರ ಹೆಸರು ಬರೆಯುತ್ತಾರೆ; ಪ್ರಭೇದ ಕುಲ ಬದಲಿಸಿದಾಗ ಅದು ಕಂಸದೊಳಗೆ ಹೋಗುತ್ತೆ. ಪರೀಕ್ಷೆಯಲ್ಲಿ ಈ ಕಂಸಕ್ಕೇ ಅಂಕ ಕಳೆದುಕೊಂಡವರು ಜಾಸ್ತಿ.

ಹೆಸರಿನ ನಿಯಮ ಬೇಗ ಹೇಳಿಬಿಡ್ತೀನಿ. ಹೊಸ ಕುಲಕ್ಕೆ ಒಂದು ಮಾದರಿ ಪ್ರಭೇದ, ಆ ಪ್ರಭೇದಕ್ಕೆ ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಒಂದೇ ಒಂದು ಜೇಡ. ಅದನ್ನು ನಾಳೆ ಬೇರೆಯವರೂ ನೋಡುವಂತೆ ಸಂಗ್ರಹಾಲಯಕ್ಕೆ ಕೊಡಬೇಕು. ಕುಲದ ಹೆಸರು ಯಾವ ಪ್ರಾಣಿಗೂ ಮೊದಲೇ ಇಟ್ಟಿರಬಾರದು, ದುಂಬಿಗೂ ಮೀನಿಗೂ ಸಹ. ಗಿಡಕ್ಕೆ ಇದ್ದರೆ ತೊಂದರೆ ಇಲ್ಲ. ಇನ್ನೊಂದು ಮಜಾ: ಪ್ರಾಣಿಗಳ ಹೆಸರಿನ ಲೆಕ್ಕ ಲಿನ್ನೇಯಸ್‌ನ 1758ರ ಪುಸ್ತಕದಿಂದ ಶುರು, ಜೇಡಗಳಿಗೆ ಮಾತ್ರ 1757ರಲ್ಲಿ ಸ್ವೀಡನ್ನಿನ ಜೇಡತಜ್ಞ ಕ್ಲರ್ಕ್ ಇಟ್ಟ ಹೆಸರುಗಳೂ ಸಲ್ಲುತ್ತವೆ.

ಜೇಡ ಎಲ್ಲಿ, ಯಾವಾಗ ಸಿಕ್ಕಿತು ಅನ್ನೋ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಜೇಡದ ಬಾಟಲಿಯ ಒಳಗೇ ಹಾಕಿ. ನಾನು ಬಾಲ್‌ಪೆನ್‌ನಲ್ಲಿ ಬರೆದಿದ್ದೆ. ವಾರದೊಳಗೆ ಊರು, ತಾರೀಖು ಎಲ್ಲ ಆಲ್ಕೋಹಾಲ್‌ನಲ್ಲಿ ನೀಲಿಯಾಗಿ ಕರಗಿತ್ತು. ಮರಿ ಸಿಕ್ಕರೆ ಅವಸರ ಬೇಡ. ಡಬ್ಬಿಯಲ್ಲಿ ಒದ್ದೆ ಹತ್ತಿ ಇಟ್ಟು, ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ ಬಿಟ್ಟು, ಪೊರೆ ಬಿಡೋವರೆಗೆ ಸಾಕಿ. ನಮ್ಮ ಬಿಸಿಲಿಗೆ ಹತ್ತಿ ಮಧ್ಯಾಹ್ನದೊಳಗೆ ಒಣಗುತ್ತೆ, ದಿನಕ್ಕೆರಡು ಸಲ ನೋಡಿ.