ದಕ್ಷಿಣ ಆಫ್ರಿಕಾದ ಬಾವುಟ: ಬಣ್ಣಗಳಿಗೆ ಯಾಕೆ ಅರ್ಥ ಹೇಳಲಿಲ್ಲ?

ದಕ್ಷಿಣ ಆಫ್ರಿಕಾದ ಬಾವುಟದ ಬಗ್ಗೆ ಓದುವಾಗ ಹಲವು ಕಡೆ ಒಂದು ಪಟ್ಟಿ ಸಿಗುತ್ತದೆ. ಕೆಂಪು ಅಂದರೆ ಹೋರಾಟದಲ್ಲಿ ಹರಿದ ರಕ್ತ, ಹಸಿರು ಅಂದರೆ ನೆಲ, ಹಳದಿ ಅಂದರೆ ಚಿನ್ನ. ಪರೀಕ್ಷೆಗೆ ಓದುತ್ತಿದ್ದರೆ ದಯವಿಟ್ಟು ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಅಲ್ಲಿನ ಸರ್ಕಾರ ಯಾವ ಬಣ್ಣಕ್ಕೂ ಅಧಿಕೃತ ಅರ್ಥ ಕೊಟ್ಟಿಲ್ಲ. ಎಲ್ಲರಿಗೂ ಒಂದೇ ಅರ್ಥ ಅಂತ ಹಚ್ಚಬಾರದು ಎಂದೇ ಅದು ಹೇಳುತ್ತದೆ. ಇಡೀ ಪಾಠದ ತಿರುಳು ಇದೇ ಅಂತ ನನಗನ್ನಿಸುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ ಹಳೆಯ ಬಾವುಟದಿಂದ ಶುರು ಮಾಡಬೇಕು.

1928ರ ಬಾವುಟದಲ್ಲಿ ಕಿತ್ತಳೆ, ಬಿಳಿ, ನೀಲಿ ಅಡ್ಡಪಟ್ಟಿಗಳಿದ್ದವು. ನಡುವಿನ ಬಿಳಿ ಪಟ್ಟಿಯಲ್ಲಿ ಮೂರು ಪುಟ್ಟ ಬಾವುಟಗಳು: ಬ್ರಿಟನ್ನಿನ ಯೂನಿಯನ್ ಜ್ಯಾಕ್, ಜೊತೆಗೆ ಆರೆಂಜ್ ಫ್ರೀ ಸ್ಟೇಟ್ ಮತ್ತು ಟ್ರಾನ್ಸ್‌ವಾಲ್ ಎಂಬ ಎರಡು ಹಳೆಯ ಬೋಯರ್ (ಡಚ್ ಮೂಲದ ಬಿಳಿಯರ) ಗಣರಾಜ್ಯಗಳದ್ದು. ಇದು ಸುಮ್ನೆ ಬಂದದ್ದಲ್ಲ. ಯೂನಿಯನ್ ಜ್ಯಾಕ್ ಬೇಡವೇ ಬೇಡ ಎಂದು ಇದೇ ಡಚ್ ಮೂಲದ ಆಫ್ರಿಕಾನರ್ ಜನರ ನಾಯಕರು ಹಟ ಹಿಡಿದಿದ್ದರು. ಅದು ಇರಲೇಬೇಕು ಎಂದು ನೇಟಾಲ್ ಪ್ರಾಂತ್ಯದ ಇಂಗ್ಲಿಷರು ಪಟ್ಟು ಹಿಡಿದರು. ನೇಟಾಲ್ ಪ್ರಾಂತ್ಯ ದಕ್ಷಿಣ ಆಫ್ರಿಕಾ ಒಕ್ಕೂಟವನ್ನೇ ಬಿಟ್ಟು ಹೋಗುವ ಮಾತೂ ಬಂತು. ಕೊನೆಗೆ ಇಬ್ಬರಿಗೂ ಜಾಗ ಕೊಟ್ಟು ರಾಜಿ ಮಾಡಿದರು. ಒಂದು ಲೆಕ್ಕದಲ್ಲಿ ಇದೂ 'ಎಲ್ಲರನ್ನೂ ಸೇರಿಸಿದ' ಬಾವುಟವೇ. ಆದರೆ ಆ 'ಎಲ್ಲರೂ' ಅಂದರೆ ಎರಡು ಬಗೆಯ ಬಿಳಿಯರು ಮಾತ್ರ. ದೇಶದ ಬಹುಪಾಲು ಜನರಾಗಿದ್ದ ಕಪ್ಪು ಜನಕ್ಕೆ ಅದರಲ್ಲಿ ಒಂದು ಗೆರೆಯೂ ಇರಲಿಲ್ಲ. 1948ರ ನಂತರ ವರ್ಣಭೇದ ಸರ್ಕಾರ ಇದೇ ಬಾವುಟ ಹಾರಿಸಿ ಆಳಿತು. ಈ ಮಾತನ್ನು ಉತ್ತರದಲ್ಲಿ ಬಿಡಬೇಡಿ. ಯಾರನ್ನು ಸೇರಿಸಿದರು ಅನ್ನುವಷ್ಟೇ, ಸೇರಿಸುವ ಹಕ್ಕು ಯಾರ ಕೈಯಲ್ಲಿತ್ತು ಅನ್ನುವುದೂ ಮುಖ್ಯ.

1993ರಲ್ಲಿ ಹೊಸ ಬಾವುಟಕ್ಕಾಗಿ ಸಾರ್ವಜನಿಕರಿಂದ ವಿನ್ಯಾಸ ಕೇಳಿದರು. 7,000ಕ್ಕೂ ಹೆಚ್ಚು ಬಂದವು. ಆಯ್ದು ತೋರಿಸಿದ ಯಾವುದೂ ಜನರಿಗೆ ಹಿಡಿಸಲಿಲ್ಲ. 1994ರ ಏಪ್ರಿಲ್‌ನಲ್ಲಿ ಚುನಾವಣೆ, ಫೆಬ್ರವರಿ ಬಂದರೂ ಬಾವುಟವಿಲ್ಲ! ಆಗ ಸರ್ಕಾರದ ಕಡೆಯಿಂದ ರೂಲ್ಫ್ ಮೇಯರ್, ವರ್ಣಭೇದದ ವಿರುದ್ಧ ಹೋರಾಡಿದ ಮಂಡೇಲಾ ಅವರ ಪಕ್ಷ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಕಡೆಯಿಂದ ಸಿರಿಲ್ ರಾಮಫೋಸ, ಈ ಇಬ್ಬರ ಹೆಗಲಿಗೆ ಕೆಲಸ ಬಿತ್ತು. ಅವರು ಆರಿಸಿದ್ದು ಫ್ರೆಡರಿಕ್ ಬ್ರೌನೆಲ್ ಅವರ ವಿನ್ಯಾಸ. ಸರ್ಕಾರಿ ಲಾಂಛನಗಳನ್ನು ನೋಡಿಕೊಳ್ಳುವುದೇ ಅವರ ಹುದ್ದೆಯಾಗಿತ್ತು. ನೆಲ್ಸನ್ ಮಂಡೇಲಾ ಆಗ ರಸ್ಟೆನ್‌ಬರ್ಗ್‌ನಲ್ಲಿದ್ದರು. ವಿನ್ಯಾಸವನ್ನು ಫ್ಯಾಕ್ಸ್ ಮಾಡಿದರು. ಫ್ಯಾಕ್ಸ್‌ನಲ್ಲಿ ಬಣ್ಣ ಎಲ್ಲಿ ಬರುತ್ತೆ? ಅಲ್ಲಿದ್ದವರು ಅಂಗಡಿಗೆ ಹೋಗಿ ಬಣ್ಣದ ಪೆನ್ಸಿಲ್ ತಂದು, ಹಾಳೆಗೆ ಬಣ್ಣ ತುಂಬಿ ಅವರಿಗೆ ತೋರಿಸಿದರು. ಮಂಡೇಲಾ ಒಪ್ಪಿದರು. ಮಾರ್ಚ್ 15ರಂದು ಅಧಿಕೃತ ಒಪ್ಪಿಗೆ ಸಿಕ್ಕಿತು, ಏಪ್ರಿಲ್ 27ರಂದು ಬಾವುಟ ಹಾರಿತು.

ಈಗ ಚಿತ್ರ ನೋಡಿ. ಕಂಬದ ಕಡೆ ಕಪ್ಪು ತ್ರಿಕೋನ, ಅದರ ಅಂಚಿಗೆ ಚಿನ್ನದ ಬಣ್ಣ. ಎರಡು ಮೂಲೆಗಳಿಂದ ಹೊರಟ ಹಸಿರು ಪಟ್ಟಿಗಳು ಮಧ್ಯದಲ್ಲಿ ಕೂಡಿ ಒಂದೇ ಪಟ್ಟಿಯಾಗಿ ಮುಂದೆ ಸಾಗುತ್ತವೆ. ಮೇಲೆ ಕೆಂಪು, ಕೆಳಗೆ ನೀಲಿ, ನಡುವೆ ಬಿಳಿ ಅಂಚು. ಕಪ್ಪು, ಹಸಿರು, ಹಳದಿ ಎಎನ್‌ಸಿ ಬಾವುಟದ ಬಣ್ಣಗಳು. ಕೆಂಪು, ಬಿಳಿ, ನೀಲಿ ಬ್ರಿಟಿಷ್ ಮತ್ತು ಬೋಯರ್ ಬಾವುಟಗಳಲ್ಲಿದ್ದವು. ಇದು ಎಲ್ಲರ ಕಣ್ಣಿಗೂ ಬಿತ್ತು, ಆದರೆ ಸರ್ಕಾರ ಬಾಯಿಬಿಟ್ಟು ಹೇಳಲಿಲ್ಲ. ಕೆಂಪನ್ನೇ ನೋಡಿ: ಅದರ ಅಧಿಕೃತ ಹೆಸರು 'ಮೆಣಸಿನಕಾಯಿ ಕೆಂಪು'. ಇಂಗ್ಲಿಷರ ಕೆಂಪಿಗೂ ಆಫ್ರಿಕಾನರರ ಕಿತ್ತಳೆಗೂ ನಡುವಿನ ಬಣ್ಣ. ಅಧಿಕೃತವಾಗಿ ವಿವರಣೆ ಇರುವುದು ಆಕಾರಕ್ಕೆ ಮಾತ್ರ: ಬೇರೆ ಬೇರೆ ಜನ ಒಂದಾಗಿ ಮುಂದೆ ಹೋಗುವ ದಾರಿ ಅಂತ. ದಾರಿಯಲ್ಲಿ ಯಾರ ಪಾಲು ಎಷ್ಟು ಎಂದು ಅಳೆಯಲು ಬರುವುದಿಲ್ಲ, ಅಲ್ವಾ?

ನಮ್ಮ ತ್ರಿವರ್ಣದ ಕಥೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. 1921ರಲ್ಲಿ ಪಿಂಗಳಿ ವೆಂಕಯ್ಯ ಗಾಂಧೀಜಿಗೆ ತೋರಿಸಿದ ಬಾವುಟದಲ್ಲಿ ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ. ಉಳಿದವರಿಗೆ? ಬಿಳಿ ಸೇರಿತು. ಸಿಖ್ಖರು ತಮ್ಮ ಬಣ್ಣವೂ ಇರಲಿ ಎಂದರು. ಹಂಚುತ್ತಾ ಹೋದರೆ ಇದು ಮುಗಿಯುವ ಕೆಲಸವಲ್ಲ. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರನ್ನು ಒಪ್ಪಿದಾಗ, ಈ ಬಣ್ಣಗಳಿಗೆ ಯಾವ ಕೋಮಿನ ಅರ್ಥವೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆದರೆ ಧೈರ್ಯ, ಸತ್ಯ, ಶಾಂತಿ ಮುಂತಾದ ಬೇರೆ ಅರ್ಥಗಳನ್ನು ಕೊಟ್ಟಿತು. ದಕ್ಷಿಣ ಆಫ್ರಿಕಾ ಆ ಜಾಗವನ್ನು ಖಾಲಿ ಬಿಟ್ಟಿತು. ಹೋಲಿಕೆ ಕೇಳುವ ಪ್ರಶ್ನೆ ಬಂದರೆ ಈ ವ್ಯತ್ಯಾಸವನ್ನೇ ಬರೆಯಿರಿ.

ಆ ದೇಶದ ರಾಷ್ಟ್ರಗೀತೆ ಹಿಡಿದದ್ದು ಬೇರೆ ದಾರಿ. 1997ರ ಗೀತೆಯಲ್ಲಿ ಆಫ್ರಿಕಾನರರ ಭಾಷೆಯಾದ ಆಫ್ರಿಕಾನ್ಸ್‌ನ ಹಳೆಯ ಗೀತೆಯ ಭಾಗವೂ ಇದೆ, ಹೋರಾಟಗಾರರು ಹಾಡುತ್ತಿದ್ದ ಪ್ರಾರ್ಥನೆಯೂ ಇದೆ. ಒಟ್ಟು ಐದು ಭಾಷೆಗಳು. ಇಲ್ಲಿ ಯಾವ ಸಾಲು ಯಾರದ್ದು ಎಂದು ಕೇಳಿದೊಡನೆ ತಿಳಿಯುತ್ತದೆ. ಹಾಗಾಗಿ ಗೀತೆಯ ಬಗ್ಗೆ ತಕರಾರು ಆಗಾಗ ಏಳುತ್ತಲೇ ಇರುತ್ತದೆ.

1994ರ ಬಾವುಟ ಮೊದಲು ತಾತ್ಕಾಲಿಕವಾಗಿತ್ತು. 1995ರ ಜೂನ್ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ರಗ್ಬಿ ವಿಶ್ವಕಪ್ ಫೈನಲ್ ನಡೆಯಿತು. ರಗ್ಬಿ ಬಿಳಿಯರ ಆಟ ಎನಿಸಿಕೊಂಡಿತ್ತು. ಅಂದು ಹೆಚ್ಚಾಗಿ ಬಿಳಿಯರೇ ತುಂಬಿದ್ದ ಮೈದಾನದಲ್ಲಿ ಜನ ಬೀಸಿದ್ದು ಹೊಸ ಬಾವುಟವನ್ನು. 1996ರ ಸಂವಿಧಾನ ಅದನ್ನೇ ಕಾಯಂ ಮಾಡಿತು. ಬಾವುಟವೊಂದರಿಂದಲೇ ದೇಶ ಒಂದಾಯಿತು ಅಂತ ಮಾತ್ರ ಬರೆಯಬೇಡಿ. ಭೂಮಿ, ಕೆಲಸ, ಸಂಬಳದಲ್ಲಿ ವರ್ಣಭೇದ ಬಿಟ್ಟುಹೋದ ಅಂತರ ಇನ್ನೂ ಜಾಸ್ತಿಯೇ ಇದೆ. ಅಂಥ ದೇಶದಲ್ಲಿ ಎರಡೂ ಕಡೆಯವರು ಹಿಡಿಯಲು ಒಪ್ಪುವ ಒಂದು ಬಟ್ಟೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಹಳೆಯ ಬಾವುಟವಾದರೂ ಪೂರ್ತಿ ಮಾಯವಾಗಿಲ್ಲ. ಕೆಲವರು ಪ್ರತಿಭಟನೆಗಳಿಗೆ ಅದನ್ನು ಹಿಡಿದು ಬಂದರು. ನೆಲ್ಸನ್ ಮಂಡೇಲಾ ಫೌಂಡೇಷನ್ ನ್ಯಾಯಾಲಯಕ್ಕೆ ಹೋಯಿತು. ಕಾರಣವಿಲ್ಲದೆ ಅದನ್ನು ಪ್ರದರ್ಶಿಸುವುದು ದ್ವೇಷದ ಮಾತಿಗೆ ಸಮ ಎಂದು 2019ರಲ್ಲಿ ಸಮಾನತೆ ನ್ಯಾಯಾಲಯ ಹೇಳಿತು. ಕಲೆ, ಪತ್ರಿಕೋದ್ಯಮ, ಅಧ್ಯಯನಕ್ಕೆ ವಿನಾಯಿತಿ ಇದೆ.