ಬಿಟ್‌ಕಾಯಿನ್ ಬೆಲೆಗೆ ಅರಿಮಾ, ಗಾರ್ಚ್: ಓದುವಾಗ ಮಾಡಿಕೊಂಡ ಟಿಪ್ಪಣಿ

ಹಳೆಯ ಬೆಲೆ ನೋಡಿ ನಾಳೆಯದನ್ನು ಊಹಿಸುವ ಮಾಡೆಲ್‌ನ ಅಂದಾಜಿನ ಗೆರೆ ನಿಜವಾದ ಬೆಲೆಯ ಗೆರೆ ಮೇಲೇ ಕೂತಿದೆ ಅಂತ ಖುಷಿಪಡುವ ಮುಂಚೆ ಚಾರ್ಟನ್ನು ದೊಡ್ಡದು ಮಾಡಿ ನೋಡಿ. ಎಷ್ಟೋ ಸಲ ಅದು ಸರಿಯಾಗಿ ಒಂದು ದಿನ ಹಿಂದಿರುತ್ತದೆ. ಇವತ್ತಿನ ಬೆಲೆಯನ್ನೇ ನಾಳೆಯದು ಅಂತ ಒಪ್ಪಿಸುತ್ತಿದೆ, ಅಷ್ಟೇ. ಅದಕ್ಕೇ ಮೊದಲು 'ನಾಳೆಯೂ ಇದೇ ಬೆಲೆ' ಅನ್ನುವ ಸುಲಭ ಅಂದಾಜಿನ ತಪ್ಪು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಅದನ್ನು ಸೋಲಿಸದ ಮಾಡೆಲ್ ಬೇಡ.

ಬೆಲೆಯ ಬದಲು ಲಾಗ್ ರಿಟರ್ನ್ ತಗೊಳ್ಳಿ, ಅಂದರೆ ಇವತ್ತಿನ ಬೆಲೆಯನ್ನು ನಿನ್ನೆಯದರಿಂದ ಭಾಗಿಸಿ ಅದರ ಲಾಗರಿದಮ್. 100 ಇದ್ದದ್ದು ಶೇ. 50 ಬಿದ್ದು ಮತ್ತೆ ಶೇ. 50 ಏರಿದರೆ 75 ಆಗುತ್ತದೆ, ಆದರೆ ಶೇಕಡಾ ಕೂಡಿದರೆ ಸೊನ್ನೆ ಬರುತ್ತದೆ. ಲಾಗ್‌ನಲ್ಲಿ −0.693 ಮತ್ತು 0.405, ಒಟ್ಟು −0.288. 75ನ್ನು 100ರಿಂದ ಭಾಗಿಸಿದರೆ ಬರುವ 0.75ರ ಲಾಗ್ ಕೂಡ ಅದೇ. ಲೆಕ್ಕ ಸರಿಹೋಯಿತು ಅಲ್ವಾ? ಜೊತೆಗೆ ಬೆಲೆಯ ಸರಾಸರಿ ಒಂದು ಕಡೆ ನಿಲ್ಲುವುದಿಲ್ಲ, ರಿಟರ್ನ್‌ನದು ಹೆಚ್ಚುಕಡಿಮೆ ನಿಲ್ಲುತ್ತದೆ. ಹೀಗೆ ನಿಲ್ಲುತ್ತದೋ ಇಲ್ಲವೋ ಅಂತ ನೋಡುವ ಡಿಕಿ-ಫುಲರ್ ಟೆಸ್ಟ್ ಮಾಡಿದರೆ ಗೊತ್ತಾಗುತ್ತದೆ.

ಈಗ ಅರಿಮಾ (ಹಿಂದಿನ ದಿನಗಳ ಸಂಖ್ಯೆಗಳಿಂದ ಮುಂದಿನದನ್ನು ಊಹಿಸುವ ಮಾಡೆಲ್) ಹಾಕಿದರೆ ರಿಟರ್ನ್‌ನ ಅಂದಾಜು ಬೇಗ ಸೊನ್ನೆಯ ಹತ್ತಿರ ಬಂದು ಮಲಗುತ್ತದೆ. ನಿನ್ನೆಯ ರಿಟರ್ನ್‌ಗೂ ಇವತ್ತಿನದಕ್ಕೂ ನಂಟು ತೀರಾ ಕಡಿಮೆ.

ನಿಜವಾದ ನಂಟು ಇರುವುದು ಏರಿಳಿತದ ಗಾತ್ರದಲ್ಲಿ, ನನಗೆ ತುಂಬಾ ಇಷ್ಟವಾದ ಭಾಗ ಇದೇ. 2020ರ ಮಾರ್ಚ್ 12ರಂದು ಬಿಟ್‌ಕಾಯಿನ್ ಒಂದೇ ದಿನ ಸುಮಾರು ಶೇ. 40 ಕುಸಿಯಿತು. ಅಂಥ ದಿನದ ನಂತರ ಬೆಲೆ ಮೇಲೋ ಕೆಳಗೋ ಹೇಳುವುದು ಕಷ್ಟ, ಆದರೆ ಕುಲುಕಾಟ ಜೋರಾಗಿರುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಈ ಕುಲುಕಾಟವನ್ನೇ ಊಹಿಸಲು ಅರ್ಥಶಾಸ್ತ್ರಜ್ಞ ರಾಬರ್ಟ್ ಎಂಗಲ್ 1982ರಲ್ಲಿ ಆರ್ಚ್ ಅನ್ನುವ ಮಾಡೆಲ್ ಕೊಟ್ಟರು, ಟಿಮ್ ಬೊಲ್ಲರ್ಸ್ಲೆವ್ 1986ರಲ್ಲಿ ಅದನ್ನು ಗಾರ್ಚ್ ಆಗಿ ಬೆಳೆಸಿದರು. ಲೆಕ್ಕ ಸರಳ: ನಾಳೆಯ ವೇರಿಯನ್ಸ್ (ಏರಿಳಿತದ ಅಳತೆ) ಅಂದರೆ ಒಂದು ಸ್ಥಿರ ಸಂಖ್ಯೆ, ಅದಕ್ಕೆ ಕೂಡಿಸಿದ ಇವತ್ತಿನ ಆಘಾತದ (ಊಹಿಸಿದ್ದಕ್ಕೂ ನಡೆದದ್ದಕ್ಕೂ ಇರುವ ವ್ಯತ್ಯಾಸ) ವರ್ಗದ ಆಲ್ಫಾ ಪಾಲು, ಇವತ್ತಿನ ವೇರಿಯನ್ಸ್‌ನ ಬೀಟಾ ಪಾಲು. ಆಲ್ಫಾ 0.10, ಬೀಟಾ 0.88 ಅಂತಿಟ್ಟುಕೊಳ್ಳಿ. ಕೂಡಿದರೆ 0.98, ಅಂದರೆ ಒಂದು ಆಘಾತದ ಪರಿಣಾಮ ದಿನಕ್ಕೆ ಶೇ. 2ರಷ್ಟು ಮಾತ್ರ ಕರಗುತ್ತಾ ಅರ್ಧಕ್ಕಿಳಿಯಲು ಸುಮಾರು 34 ದಿನ ಬೇಕು. ಈ ಮೊತ್ತ 1 ಮುಟ್ಟಿದರೆ ಆಘಾತ ಕರಗುವುದೇ ಇಲ್ಲ, ಆಗ ಡೇಟಾ ಮತ್ತೆ ನೋಡಿ. ಆಘಾತಗಳಿಗೆ ನಾರ್ಮಲ್ ಹಂಚಿಕೆ (ಗಂಟೆಯಾಕಾರದ್ದು) ಬೇಡ, ದೊಡ್ಡ ಕುಸಿತಗಳನ್ನು ಅದು ನಡೆಯುವುದೇ ಇಲ್ಲ ಅನ್ನುವಷ್ಟು ಅಪರೂಪ ಮಾಡಿಬಿಡುತ್ತದೆ, ದೊಡ್ಡ ಏರಿಳಿತಕ್ಕೂ ಜಾಗ ಕೊಡುವ ಸ್ಟೂಡೆಂಟ್-ಟಿ ಹಂಚಿಕೆ ಹಾಕಿ.

ವಾರ್ಷಿಕ ಏರಿಳಿತಕ್ಕೆ ದಿನದ ಏರಿಳಿತವನ್ನು (ವೇರಿಯನ್ಸ್‌ನ ವರ್ಗಮೂಲ) 365ರ ವರ್ಗಮೂಲದಿಂದ ಗುಣಿಸಿ. ಷೇರು ಪುಸ್ತಕದ 252 (ವರ್ಷಕ್ಕೆ ಷೇರುಪೇಟೆ ತೆರೆದಿರುವ ದಿನಗಳು) ಇಲ್ಲಿಗೆ ಹೊಂದುವುದಿಲ್ಲ, ಈ ಮಾರುಕಟ್ಟೆಗೆ ರಜೆಯೇ ಇಲ್ಲ.

ಪರೀಕ್ಷೆ ಮಾಡುವಾಗ ದಿನಗಳನ್ನು ಸುಮ್ನೆ ಕಲಸಬೇಡಿ. ಹಳೆಯ ದಿನಗಳಿಂದ ಮಾಡೆಲ್‌ಗೆ ಕಲಿಸಿ, ಮುಂದಿನ ದಿನ ಊಹಿಸಿ, ಒಂದು ದಿನ ಮುಂದೆ ಸರಿಯಿರಿ. ಸ್ಕೇಲ್ ಮಾಡಲು, ಅಂದರೆ ಸಂಖ್ಯೆಗಳನ್ನು ಒಂದೇ ಅಳತೆಗೆ ತರಲು, ಬಳಸುವ ಸರಾಸರಿಯೂ ಹಳೆಯ ದಿನಗಳದ್ದೇ ಇರಲಿ. ಪೂರ್ತಿ ಡೇಟಾದಿಂದ ತೆಗೆದರೆ ನಾಳೆಯ ಸುದ್ದಿ ಇವತ್ತೇ ಸೋರಿಹೋಗಿರುತ್ತದೆ.