ಹೃದಯ ಸ್ತಂಭನದ ನಂತರ ಎನ್‌ಎಸ್‌ಇ ರಿಪೋರ್ಟ್ ಓದುವುದು ಹೇಗೆ?

ಹೃದಯ ಸ್ತಂಭನವಾಗಿ, ಸಿಪಿಆರ್‌ನಿಂದ ಬಡಿತ ಮರಳಿದರೂ ಬಹಳಷ್ಟು ಮಂದಿಗೆ ಕೂಡಲೇ ಪ್ರಜ್ಞೆ ಬರುವುದಿಲ್ಲ. ಎರಡನೇ ದಿನದ ಹೊತ್ತಿಗೆ ಐಸಿಯು ಬಾಗಿಲಲ್ಲಿ ಮನೆಯವರು ಕೇಳುವುದು ಒಂದೇ: "ಡಾಕ್ಟ್ರೇ, ಅಪ್ಪನಿಗೆ ಎಚ್ಚರ ಆಗುತ್ತಾ? ನಮ್ಮನ್ನ ಗುರುತು ಹಿಡೀತಾರಾ?" ಕೆಲವರು ಮೊಬೈಲಿನಲ್ಲಿ ಎನ್‌ಎಸ್‌ಇ ಎಂಬ ರಕ್ತಪರೀಕ್ಷೆಯ ಲ್ಯಾಬ್ ರಿಪೋರ್ಟ್ ತೋರಿಸುತ್ತಾರೆ: "ಎನ್‌ಎಸ್‌ಇ 48 ಬಂದಿದೆ, ನಾರ್ಮಲ್ 17ರ ಒಳಗಂತೆ. ಹಾಗಾದ್ರೆ ಮೆದುಳು ಹೋದ ಹಾಗೇನಾ?" ಆ ಒಂದು ಸಂಖ್ಯೆ ನೋಡಿ ಯಾರೂ ಹೌದು ಎನ್ನಬಾರದು.

ಎನ್‌ಎಸ್‌ಇ ಎಂದರೆ ನ್ಯೂರಾನ್ ಸ್ಪೆಸಿಫಿಕ್ ಎನೋಲೇಸ್, ನರಕೋಶಗಳ ಒಳಗಿರುವ ಕಿಣ್ವ. ಆಮ್ಲಜನಕವಿಲ್ಲದೆ ಕೋಶಗಳು ಸತ್ತಾಗ ಅದು ರಕ್ತಕ್ಕೆ ಸೋರುತ್ತದೆ. ಹೆಚ್ಚು ಕೋಶ ಸತ್ತಷ್ಟೂ ಸಂಖ್ಯೆ ಏರುತ್ತದೆ. ನಿದ್ರೆಯ ಔಷಧಿ ಕೊಟ್ಟಿದ್ದಾಗ ರೋಗಿಯ ಕೈಕಾಲು ಚಲನೆಯನ್ನು ನಂಬುವಂತಿಲ್ಲ, ಆದರೆ ಈ ಔಷಧಿಗಳು ಎನ್‌ಎಸ್‌ಇಯನ್ನು ಬದಲಿಸುವುದಿಲ್ಲ. ನಮಗೆ ಈ ಪರೀಕ್ಷೆ ಬೇಕಾಗಿರುವುದೇ ಅದಕ್ಕೆ.

2006ರಲ್ಲಿ ಅಮೆರಿಕದ ನರರೋಗ ತಜ್ಞರ ಅಕಾಡೆಮಿಯ ಮಾರ್ಗಸೂಚಿ ಮೊದಲ ಮೂರು ದಿನಗಳಲ್ಲಿ ಎನ್‌ಎಸ್‌ಇ ಲೀಟರಿಗೆ 33 ಮೈಕ್ರೋಗ್ರಾಂ ದಾಟಿದರೆ ಚೇತರಿಕೆಯ ಆಸೆ ಇಲ್ಲ ಎಂಬರ್ಥದ ಗೆರೆ ಎಳೆದಿತ್ತು. ಮೈ ತಂಪಾಗಿಸುವ ಚಿಕಿತ್ಸೆ ವ್ಯಾಪಕವಾದ ಮೇಲೆ ಆ ಗೆರೆ ದಾಟಿದವರಲ್ಲೂ ಕೆಲವರು ಎದ್ದು ಮನೆಗೆ ಹೋದರು. 2021ರ ಯುರೋಪಿನ ಮಾರ್ಗಸೂಚಿ ಗೆರೆಯನ್ನು 60ಕ್ಕೆ ಏರಿಸಿತು. ಅದೂ ಬಡಿತ ಮರಳಿ 48 ಅಥವಾ 72 ಗಂಟೆಯಾದಾಗ ತೆಗೆದ ಮಾದರಿಯಲ್ಲಿ ಮಾತ್ರ. ಹದಿನೈದು ವರ್ಷಗಳಲ್ಲಿ ಗೆರೆ ಹೆಚ್ಚೂಕಡಿಮೆ ಇಮ್ಮಡಿಯಾಯಿತು. ನಡುವಿನ ವರ್ಷಗಳಲ್ಲಿ ಹಳೆಯ ಗೆರೆಯನ್ನೇ ನಂಬಿ ಚಿಕಿತ್ಸೆ ನಿಲ್ಲಿಸಿದ್ದರೆ ಆ ರೋಗಿಗಳು ಉಳಿಯುತ್ತಿರಲಿಲ್ಲ. ಗೆರೆ ತಪ್ಪು ಎಂದು ತೋರಿಸುವುದಕ್ಕೂ ಯಾರೂ ಇರುತ್ತಿರಲಿಲ್ಲ. ನನ್ನನ್ನು ಬಹಳ ಕಾಡುವ ಸಂಗತಿ ಇದು.

ಇನ್ನು ರಕ್ತದ ಮಾದರಿಯ ವಿಷಯ. ಎನ್‌ಎಸ್‌ಇ ಕೆಂಪು ರಕ್ತಕಣಗಳಲ್ಲೂ ಪ್ಲೇಟ್‌ಲೆಟ್‌ಗಳಲ್ಲೂ ಇರುತ್ತದೆ. ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರದಿಂದ ಟ್ಯೂಬನ್ನು ತೆಗೆದಾಗ ಮೇಲೆ ನಿಲ್ಲುವ ಸೀರಮ್ ತಿಳಿ ಹಳದಿಯಾಗಿರಬೇಕು. ಗುಲಾಬಿ ಛಾಯೆ ಕಂಡರೆ ರಕ್ತಕಣ ಒಡೆದಿವೆ ಎಂದೇ ಅರ್ಥ, ಆ ಸಂಖ್ಯೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾದರಿ ತೆಗೆಯುವಾಗ ಒಡೆದಿದ್ದರೆ ಇನ್ನೊಮ್ಮೆ ರಕ್ತ ತೆಗೆದರೆ ಸಾಕು. ಹೃದಯ, ಶ್ವಾಸಕೋಶಗಳ ಕೆಲಸವನ್ನು ದೇಹದ ಹೊರಗಿನಿಂದ ಮಾಡುವ ಎಕ್ಮೋದಂಥ ಯಂತ್ರದಿಂದ ದೇಹದೊಳಗೇ ಒಡೆಯುತ್ತಿದ್ದರೆ ಮತ್ತೆ ತೆಗೆದೂ ಪ್ರಯೋಜನವಿಲ್ಲ, ಏಕೆಂದರೆ ರಕ್ತದಲ್ಲಿ ಎನ್‌ಎಸ್‌ಇ ಅರ್ಧಕ್ಕಿಳಿಯಲು ಒಂದು ದಿನಕ್ಕೂ ಹೆಚ್ಚು ಬೇಕು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್‌ನಲ್ಲೂ ಇದು ಏರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಯಂತ್ರ ಬದಲಾದರೆ ಅಂಕಿಯೂ ಬದಲಾಗುತ್ತದೆ, ಹಾಗಾಗಿ ಎಲ್ಲ ಮಾದರಿಗಳೂ ಒಂದೇ ಲ್ಯಾಬಿಗೆ ಹೋಗಲಿ.

ಒಂದು ಮಾದರಿಗಿಂತ ಏರಿಳಿತ ಹೆಚ್ಚು ಹೇಳುತ್ತದೆ. 24 ಗಂಟೆಗೆ 40 ಇದ್ದು 48ಕ್ಕೆ 30ಕ್ಕೆ ಇಳಿದರೆ ನನಗೆ ಧೈರ್ಯ ಬರುತ್ತದೆ. 40 ಇದ್ದದ್ದು 90ಕ್ಕೆ, ಆಮೇಲೆ 150ಕ್ಕೆ ಹೋದರೆ ಮನೆಯವರನ್ನು ಕೂರಿಸಿಕೊಂಡು ಮಾತಾಡಲೇಬೇಕು. ಆಗಲೂ ರಕ್ತದ ಸಾಕ್ಷಿ ಒಂದೇ ಸಾಲದು. 72 ಗಂಟೆಯ ನಂತರ, ನಿದ್ರೆಯ ಔಷಧಿಯ ಪ್ರಭಾವ ಇಳಿದ ಮೇಲೂ ರೋಗಿ ಪ್ರಜ್ಞಾಹೀನರಾಗಿಯೇ ಇದ್ದರೆ, ಚೇತರಿಕೆ ಕಷ್ಟ ಎನ್ನಲು ಕನಿಷ್ಠ ಎರಡು ಕೆಟ್ಟ ಲಕ್ಷಣಗಳು ಒಟ್ಟಿಗೆ ಸಿಗಬೇಕು: ಕಣ್ಣಿನ ಪಾಪೆ ಬೆಳಕಿಗೂ, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಸ್ಪರ್ಶಕ್ಕೂ ಪ್ರತಿಕ್ರಿಯಿಸದಿರುವುದು, ಮೆದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ ತೀರಾ ಕೆಟ್ಟಿರುವುದು, ಮಣಿಕಟ್ಟಿನ ನರಕ್ಕೆ ಕೊಟ್ಟ ವಿದ್ಯುತ್ ಸಂಕೇತ ಮೆದುಳಿನ ಯಾವ ಬದಿಗೂ ತಲುಪದಿರುವುದು, ಸ್ಕ್ಯಾನ್‌ನಲ್ಲಿ ವ್ಯಾಪಕ ಹಾನಿ ಕಾಣುವುದು, ಇಂಥವು.

ನ್ಯೂರೋಫಿಲಮೆಂಟ್ ಲೈಟ್ ಎಂಬ ಇನ್ನೊಂದು ಪ್ರೋಟೀನ್ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ. ಅದು ನರತಂತುಗಳಿಂದ ಬರುತ್ತದೆ, ರಕ್ತಕಣ ಒಡೆದರೂ ಏರುವುದಿಲ್ಲ. 2019ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದರಲ್ಲಿ ಅದು 24 ಗಂಟೆಗೇ ಎನ್‌ಎಸ್‌ಇಗಿಂತ ಚೆನ್ನಾಗಿ ಮುನ್ಸೂಚನೆ ಕೊಟ್ಟಿತು.

ಕಡಿಮೆ ಸಂಖ್ಯೆ ಬಂದಾಗಲೂ ಅಷ್ಟೇ ಗಮನ ಕೊಡಬೇಕು. ಮೂರನೇ ದಿನ ಎನ್‌ಎಸ್‌ಇ 15 ಇದೆ, ರೋಗಿ ಮಾತ್ರ ಕಣ್ಣು ಬಿಡುತ್ತಿಲ್ಲ ಎಂದಿಟ್ಟುಕೊಳ್ಳಿ. ನಾನು ಮೊದಲು ನೋಡುವುದು ಔಷಧಿ ಚಾರ್ಟ್. ಕಿಡ್ನಿ ಕೆಲಸ ಕುಗ್ಗಿದವರಲ್ಲಿ ಮಿಡಾಜೋಲಮ್ ಎಂಬ ನಿದ್ರೆಯ ಔಷಧಿಯ ಪ್ರಭಾವ ದಿನಗಟ್ಟಲೆ ಉಳಿಯಬಹುದು. ಆಮೇಲೆ ಇಇಜಿ, ಏಕೆಂದರೆ ಹೊರಗೆ ಕಾಣದ ಫಿಟ್ಸ್ ಇರಬಹುದು. ಅದಕ್ಕೆ ಔಷಧಿ ಇದೆ. ಇಂಥ ರೋಗಿಯ ಮನೆಯವರಿಗೆ ಇನ್ನಷ್ಟು ದಿನ ಕಾಯೋಣ ಎಂದೇ ನಾನು ಹೇಳುತ್ತೇನೆ.